ಗೃಹಬಳಕೆಯ ಉಪಗ್ರಹ ಅಂತರಜಾಲ ಉಪಕರಣ

ಗೃಹಬಳಕೆಯ ಉಪಗ್ರಹ ಅಂತರಜಾಲ ಉಪಕರಣ ಎಂಬುದು ದೂರವಾಣಿ ತಂತಿ, ಆಪ್ಟಿಕಲ್ ಫೈಬರ್ ಅಥವಾ ಮೊಬೈಲ್ ಗೋಪುರಗಳ ನೆರವಿಲ್ಲದೆ ಕೃತಕ ಉಪಗ್ರಹದ ಮೂಲಕ ಮನೆಗೆ ಅಂತರಜಾಲ ಸಂಪರ್ಕ ಒದಗಿಸುವ ಸಾಧನಗಳ ಸಮೂಹ. ಭೂಸ್ಥಿರ ಉಪಗ್ರಹಗಳೊಂದಿಗೆ ಬಳಸುವ ಇಂತಹ ಕಿರು ಭೂಕೇಂದ್ರವನ್ನು ವಿಸ್ಯಾಟ್ ಎಂದು ಕರೆಯುತ್ತಾರೆ. ಗುಡ್ಡಗಾಡು, ಗಣಿ ಪ್ರದೇಶ, ತೋಟದ ಮನೆ ಮುಂತಾದ ಕಡೆಗಳಲ್ಲಿ, ಅಂದರೆ ಫೈಬರ್ ತಲುಪದ ಅಥವಾ ಮೇಲಿಂದ ಮೇಲೆ ತುಂಡಾಗುವ ಸ್ಥಳಗಳಲ್ಲಿ, ಇದು ಉಪಯುಕ್ತವಾಗಿದೆ. ಈ ಲೇಖನದಲ್ಲಿ ದಿಕ್ಕು ಮತ್ತು ಕೋನಗಳ ಉದಾಹರಣೆಗಳನ್ನು ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿನ ಮರಿಯಮ್ಮನಹಳ್ಳಿಗೆ ಅನ್ವಯಿಸಿ ನೀಡಲಾಗಿದೆ.

## ಹಿನ್ನೆಲೆ

ಕರ್ನಾಟಕದ ಹಳ್ಳಿಗಳಿಗೆ ಉಪಗ್ರಹದ ಸಂಕೇತ ಮೊದಲು ತಲುಪಿದ್ದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ನೇರವಾಗಿ ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು ಇದರಲ್ಲಿ ಸೇರಿದ್ದವು. ಇಂದಿನ ಕೊಪ್ಪಳ ಜಿಲ್ಲೆ ಆಗ ರಾಯಚೂರಿನ ಭಾಗವಾಗಿದ್ದುದರಿಂದ, ಪ್ರಯೋಗದ ಜಿಲ್ಲೆಯ ಗಡಿ ಹೊಸಪೇಟೆಯ ಆಚೆ, ತುಂಗಭದ್ರೆಯ ಎಡದಂಡೆಯಲ್ಲೇ ಆರಂಭವಾಗುತ್ತಿತ್ತು.

ಭಾರತದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದ್ದು, 1982ರಲ್ಲಿ ಸ್ಥಾಪನೆಯಾಯಿತು. 2004ರ ಸೆಪ್ಟೆಂಬರ್ 20ರಂದು ಉಡಾವಣೆಯಾದ ಎಜುಸ್ಯಾಟ್ ಉಪಗ್ರಹದ ಯೋಜನೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು. 2018ರ ಡಿಸೆಂಬರ್ 5ರಂದು ಫ್ರೆಂಚ್ ಗಯಾನಾದ ಕೌರೂನಿಂದ ಉಡಾವಣೆಯಾದ 5,854 ಕಿ.ಗ್ರಾಂ. ತೂಕದ ಜಿಸ್ಯಾಟ್-11 ಅಂತರಜಾಲ ಸೇವೆಗೆಂದೇ ರೂಪಿಸಿದ ಅಧಿಕ ಸಾಮರ್ಥ್ಯದ ಉಪಗ್ರಹ. ಇದನ್ನೂ ಜಿಸ್ಯಾಟ್-29ನ್ನೂ ಬಳಸಿಕೊಂಡು 2022ರ ಸೆಪ್ಟೆಂಬರ್‌ನಲ್ಲಿ ಹ್ಯೂಸ್ ಕಮ್ಯುನಿಕೇಷನ್ಸ್ ಇಂಡಿಯಾ ಸಂಸ್ಥೆಯು ಇಸ್ರೋ ಸಹಯೋಗದಲ್ಲಿ ಇಂತಹ ವಾಣಿಜ್ಯ ಸೇವೆಯನ್ನು ಆರಂಭಿಸಿತು. ಕೆಎ ತರಂಗಪಟ್ಟಿಯ ಜಿಸ್ಯಾಟ್-ಎನ್2 ಉಪಗ್ರಹವು 2024ರ ನವೆಂಬರ್‌ನಲ್ಲಿ ಕಕ್ಷೆ ಸೇರಿತು.

## ಉಪಗ್ರಹಗಳ ಬಗೆ

ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿದ್ದು, ಭೂಮಿಯಿಂದ ನೋಡುವವರಿಗೆ ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ಇರುತ್ತವೆ. ಆದ್ದರಿಂದ ಡಿಶ್‌ ಅನ್ನು ಒಮ್ಮೆ ಸರಿಯಾಗಿ ತಿರುಗಿಸಿ ಬಿಗಿದರೆ ಸಾಕು. ಆದರೆ ಮನೆಯಿಂದ ಹೊರಟ ಕೋರಿಕೆ ಉಪಗ್ರಹದ ಮೂಲಕ ಭೂಕೇಂದ್ರ ತಲುಪಿ, ಉತ್ತರ ಅದೇ ದಾರಿಯಲ್ಲಿ ಮರಳಲು ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಇದು ಬೆಳಕಿನ ವೇಗದ ಮಿತಿಯಿಂದ ಉಂಟಾಗುವ ವಿಳಂಬವಾಗಿದ್ದು, ಯಾವ ದುರಸ್ತಿಯಿಂದಲೂ ಹೋಗುವುದಿಲ್ಲ. ಪಾಠದ ವಿಡಿಯೊ ನೋಡಲು, ಅರ್ಜಿ ತುಂಬಲು ಇದರಿಂದ ತೊಡಕಿಲ್ಲ. ಮುಖಾಮುಖಿ ಮಾತುಕತೆಯಲ್ಲಿ ಮತ್ತು ಆಟಗಳಲ್ಲಿ ಅದು ಎದ್ದು ಕಾಣುತ್ತದೆ.

ಕೆಳಕಕ್ಷೆಯ ಉಪಗ್ರಹಗಳು ಬಹಳ ಹತ್ತಿರದಲ್ಲಿ ಸುತ್ತುತ್ತವೆ: ಸ್ಟಾರ್‌ಲಿಂಕ್ ಸುಮಾರು 550 ಕಿ.ಮೀ., ಒನ್‌ವೆಬ್ ಸುಮಾರು 1,200 ಕಿ.ಮೀ. ಎತ್ತರದಲ್ಲಿ. ಇವುಗಳಲ್ಲಿ ವಿಳಂಬ ಕಡಿಮೆ. ಆದರೆ ಉಪಗ್ರಹಗಳು ಸದಾ ಚಲಿಸುವುದರಿಂದ ಆಂಟೆನಾ ಅವುಗಳನ್ನು ವಿದ್ಯುನ್ಮಾನ ವಿಧಾನದಿಂದ ಹಿಂಬಾಲಿಸಬೇಕಾಗುತ್ತದೆ ಮತ್ತು ವಿಶಾಲವಾದ ತೆರೆದ ಆಕಾಶ ಬೇಕಾಗುತ್ತದೆ.

## ಉಪಕರಣದ ಭಾಗಗಳು

* ಡಿಶ್: ಸಂಕೇತವನ್ನು ಒಂದೆಡೆ ಕೇಂದ್ರೀಕರಿಸುವ ಬಾಗಿದ ತಟ್ಟೆ. ವ್ಯಾಸ ಸಾಮಾನ್ಯವಾಗಿ 74 ಸೆಂ.ಮೀ.ನಿಂದ 1.2 ಮೀಟರ್.
* ಎಲ್‌ಎನ್‌ಬಿ: ಉಪಗ್ರಹದಿಂದ ಬರುವ ಕ್ಷೀಣ ಸಂಕೇತವನ್ನು ವರ್ಧಿಸುವ ಸ್ವೀಕಾರಕ.
* ಬಿಯುಸಿ: ಮನೆಯಿಂದ ಹೊರಡುವ ಸಂಕೇತವನ್ನು ಉಪಗ್ರಹಕ್ಕೆ ಕಳುಹಿಸುವ ಪ್ರೇಷಕ.
* ಕೇಬಲ್: ಸಾಮಾನ್ಯವಾಗಿ ಆರ್‌ಜಿ-6 ಕೊಆಕ್ಸಿಯಲ್ ಕೇಬಲ್. ಇದರ ಮೂಲಕ ಸಂಕೇತದೊಂದಿಗೆ ಹೊರಗಿನ ಭಾಗಗಳಿಗೆ ವಿದ್ಯುತ್ತೂ ಹರಿಯುತ್ತದೆ.
* ಮೋಡೆಮ್ ಮತ್ತು ವೈ-ಫೈ ರೂಟರ್: ಮನೆಯೊಳಗಿನ ಘಟಕಗಳು.

ಟಿ.ವಿ.ಗಾಗಿ ಅಳವಡಿಸಿದ ಡಿಟಿಎಚ್ ಡಿಶ್‌ನಿಂದ ಅಂತರಜಾಲ ಪಡೆಯಲು ಸಾಧ್ಯವಿಲ್ಲ. ಅದು ಸಂಕೇತವನ್ನು ಸ್ವೀಕರಿಸುತ್ತದೆಯೇ ಹೊರತು ಕಳುಹಿಸುವುದಿಲ್ಲ.

## ಅಳವಡಿಕೆ

### ಸ್ಥಳದ ಆಯ್ಕೆ

ಮರಿಯಮ್ಮನಹಳ್ಳಿಯು ಸುಮಾರು 15.2° ಉತ್ತರ ಅಕ್ಷಾಂಶ ಹಾಗೂ 76.4° ಪೂರ್ವ ರೇಖಾಂಶದಲ್ಲಿದೆ. ಅಲ್ಲಿಂದ 74° ಪೂರ್ವದಲ್ಲಿರುವ ಜಿಸ್ಯಾಟ್-11ನ್ನು ನೋಡಬೇಕಾದ ದಿಕ್ಕು ಉತ್ತರದಿಂದ ಪ್ರದಕ್ಷಿಣವಾಗಿ ಅಳೆದರೆ ಸುಮಾರು 189°, ಅಂದರೆ ನೇರ ದಕ್ಷಿಣದಿಂದ ತುಸು ಪಶ್ಚಿಮಕ್ಕೆ. ದಿಗಂತದಿಂದ ಎತ್ತರದ ಕೋನ ಸುಮಾರು 72°. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಗಳಲ್ಲಿ ಈ ಕೋನಗಳು ಒಂದು ಡಿಗ್ರಿಯಷ್ಟು ಮಾತ್ರ ಬದಲಾಗುತ್ತವೆ. ನೆರೆಮನೆಯ ಟಿ.ವಿ. ಡಿಶ್‌ ಅನ್ನು ನೋಡಿ ದಿಕ್ಕು ನಿರ್ಧರಿಸುವುದು ತಪ್ಪು. ಉದಾಹರಣೆಗೆ, ಡಿಡಿ ಫ್ರೀ ಡಿಶ್‌ನ ಉಪಗ್ರಹ 93.5° ಪೂರ್ವದಲ್ಲಿರುವುದರಿಂದ ಅದರ ಡಿಶ್ ಇಲ್ಲಿ ಆಗ್ನೇಯಕ್ಕೆ, ಸುಮಾರು 130°ಗೆ, ಮುಖ ಮಾಡಿರುತ್ತದೆ.

ಉಪಗ್ರಹ ಬಹುತೇಕ ನೆತ್ತಿಯ ಸಮೀಪವಿರುವುದು ಈ ಪ್ರದೇಶಕ್ಕೆ ಅನುಕೂಲ. ಡಿಶ್‌ಗಿಂತ 9 ಮೀಟರ್ ಎತ್ತರವಿರುವ ಮರ ಅಥವಾ ಗೋಡೆ ದಕ್ಷಿಣಕ್ಕೆ 3 ಮೀಟರಿಗಿಂತ ಹೆಚ್ಚು ದೂರದಲ್ಲಿದ್ದರೆ ಅಡ್ಡಿಯಾಗದು. ಆದರೂ ತೆಂಗಿನ ಗರಿ ಬಾಗುವ ಮತ್ತು ಮರ ಬೆಳೆಯುವ ಅಂತರವನ್ನು ಬಿಟ್ಟುಕೊಳ್ಳಬೇಕು.

### ಕಂಬ ನಿಲ್ಲಿಸುವುದು

ಆರ್‌ಸಿಸಿ ತಾರಸಿಯ ಮೇಲೆ ಕಂಬದ ಅಡಿತಟ್ಟೆಯನ್ನು ಬೋಲ್ಟುಗಳಿಂದ ಬಿಗಿದು, ರಂಧ್ರಗಳಿಗೆ ನೀರು ಇಳಿಯದಂತೆ ಮುಚ್ಚಬೇಕು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಚಾವಣಿಯ ಮೇಲೆ ಭಾರ ಹೇರುವುದು ಅಪಾಯಕರ. ಅಂತಹ ಕಡೆ ನೆಲದಲ್ಲಿ ಕಾಂಕ್ರೀಟ್ ಹಾಕಿ ಕಂಬ ನಿಲ್ಲಿಸುವುದು ಉತ್ತಮ. ಕಂಬ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ತೂಗುಗುಂಡು ಅಥವಾ ಸ್ಪಿರಿಟ್ ಲೆವೆಲ್‌ನಿಂದ ಕಂಬವು ಎರಡು ಬದಿಗಳಿಂದಲೂ ನೇರವಾಗಿದೆಯೇ ಎಂದು ಪರೀಕ್ಷಿಸಬೇಕು. ಕಂಬ ವಾಲಿದ್ದರೆ ಮುಂದಿನ ಎಲ್ಲ ಕೋನಗಳೂ ತಪ್ಪುತ್ತವೆ.

ಹಂಪಿಯಲ್ಲಿ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಅಡಿಪಾಯ ಅಗೆಯುವ ಮೊದಲು ಸಂಬಂಧಿಸಿದ ಪ್ರಾಧಿಕಾರವನ್ನು ವಿಚಾರಿಸುವುದು ಅಗತ್ಯ.

### ದಿಕ್ಕು ಹೊಂದಿಸುವುದು

ಮೊದಲು ಎತ್ತರದ ಕೋನವನ್ನು ಹೊಂದಿಸಿ, ನಂತರ ಡಿಶ್‌ ಅನ್ನು ಅಡ್ಡಡ್ಡವಾಗಿ ನಿಧಾನಕ್ಕೆ ತಿರುಗಿಸುತ್ತ ಮಾಪಕದಲ್ಲಿ ಸಂಕೇತವನ್ನು ಹುಡುಕಬೇಕು. ಕಬ್ಬಿಣದ ಕಂಬ, ತಗಡಿನ ಚಾವಣಿಗಳ ಬಳಿ ದಿಕ್ಸೂಚಿ ತಪ್ಪು ತೋರಿಸುತ್ತದೆ. ಅದನ್ನು ಕೆಲವು ಮೀಟರ್ ದೂರ ನಿಂತು ಬಳಸಬೇಕು. ಆಫ್‌ಸೆಟ್ ಮಾದರಿಯ ಡಿಶ್‌ನ ತಟ್ಟೆ ನೋಡಲು ಆಕಾಶದತ್ತ ಅಷ್ಟಾಗಿ ಮುಖ ಮಾಡಿರುವುದಿಲ್ಲ. ಆದ್ದರಿಂದ ಕಣ್ಣಂದಾಜಿಗಿಂತ ಚೌಕಟ್ಟಿನ ಮೇಲಿನ ಅಳತೆಯನ್ನೇ ನಂಬಬೇಕು. ಒಂದು ಮೀಟರ್ ವ್ಯಾಸದ ಡಿಶ್‌ನ ಮೇಲಂಚು ಕೆಳಂಚಿಗಿಂತ 1.7 ಸೆಂ.ಮೀ. ಸರಿದರೆ ಒಂದು ಡಿಗ್ರಿ ತಪ್ಪುತ್ತದೆ. ಸಂಪರ್ಕ ಕೆಡಲು ಅಷ್ಟೇ ಸಾಕು.

ದಿಕ್ಕು ತಪ್ಪಿದ ಪ್ರೇಷಕವು ಪಕ್ಕದ ಉಪಗ್ರಹದ ಸೇವೆಗೂ ಅಡ್ಡಿ ಮಾಡಬಲ್ಲದು. ಹೀಗಾಗಿ ಸೇವಾದಾರರ ನಿಯಂತ್ರಣ ಕೇಂದ್ರ ಪರೀಕ್ಷಿಸಿ ಒಪ್ಪಿದ ಮೇಲೆಯೇ ಪ್ರೇಷಣ ಆರಂಭಿಸಲಾಗುತ್ತದೆ.

### ಕೇಬಲ್ ಮತ್ತು ಭೂಸಂಪರ್ಕ

ಕೇಬಲ್ ಅನಗತ್ಯವಾಗಿ ಉದ್ದವಿರಬಾರದು. ಮನೆಯೊಳಗೆ ನುಗ್ಗುವ ಮೊದಲು ಅದು ಕೆಳಗೆ ಬಾಗಿ ಮೇಲೇರುವಂತೆ ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕೋತಿಗಳ ಕಾಟವಿರುವ ಊರುಗಳಲ್ಲಿ ಕೇಬಲನ್ನು ಪಿವಿಸಿ ಕೊಳವೆಯೊಳಗೆ ಹಾಯಿಸುವುದು ಒಳ್ಳೆಯದು. ಕಂಬಕ್ಕೂ ಕೇಬಲ್‌ಗೂ ಭೂಸಂಪರ್ಕ ಕಲ್ಪಿಸಿ, ಮೋಡೆಮ್‌ಗೆ ಯುಪಿಎಸ್ ಅಳವಡಿಸಬೇಕು.

## ದೋಷಗಳು ಮತ್ತು ಪರಿಹಾರ

ದೋಷವನ್ನು ಹುಡುಕುವಾಗ ಮೊದಲು ಮೋಡೆಮ್‌ನ ದೀಪಗಳನ್ನು ಗಮನಿಸಬೇಕು.

* ವಿದ್ಯುತ್ ದೀಪ ಉರಿಯದಿದ್ದರೆ: ಪ್ಲಗ್, ಅಡಾಪ್ಟರ್, ಯುಪಿಎಸ್ ಪರೀಕ್ಷಿಸಬೇಕು.
* ಸ್ವೀಕಾರದ ದೀಪ ಉರಿಯದಿದ್ದರೆ: ಆಕಾಶದಲ್ಲಿ ದಟ್ಟ ಮಳೆಮೋಡವಿದೆಯೇ, ಡಿಶ್ ಅಲುಗಾಡಿದೆಯೇ, ಕೇಬಲ್ ತುಂಡಾಗಿದೆಯೇ, ಜೋಡಣೆಗಳಲ್ಲಿ ನೀರು ಅಥವಾ ತುಕ್ಕು ಇದೆಯೇ ನೋಡಬೇಕು. ಇವೆಲ್ಲ ಸರಿಯಿದ್ದರೆ ಎಲ್‌ಎನ್‌ಬಿ ಕೆಟ್ಟಿರಬಹುದು.
* ಸ್ವೀಕಾರವಿದ್ದು ಪ್ರೇಷಣದ ದೀಪ ಉರಿಯದಿದ್ದರೆ: ಪ್ರೇಷಣದ ಕೇಬಲ್, ಬಿಯುಸಿ ಅಥವಾ ದಿಕ್ಕಿನ ಸಣ್ಣ ವ್ಯತ್ಯಾಸ ಕಾರಣವಿರಬಹುದು. ಇದಕ್ಕೆ ಸೇವಾದಾರರ ನೆರವು ಬೇಕು.
* ಎಲ್ಲ ದೀಪಗಳೂ ಸರಿಯಿದ್ದು ಅಂತರಜಾಲ ಬಾರದಿದ್ದರೆ: ಡಿಶ್‌ ಅನ್ನು ಮುಟ್ಟಬಾರದು. ಮೋಡೆಮ್‌ಗೆ ಕಂಪ್ಯೂಟರನ್ನು ತಂತಿಯಿಂದ ನೇರವಾಗಿ ಜೋಡಿಸಿ ನೋಡಬೇಕು. ಆಗ ಸಂಪರ್ಕ ಬಂದರೆ ದೋಷ ರೂಟರ್‌ನಲ್ಲಿದೆ; ಬಾರದಿದ್ದರೆ ಖಾತೆಯ ಅವಧಿಯನ್ನು ವಿಚಾರಿಸಬೇಕು.
* ವೇಗ ಮಾತ್ರ ಕಡಿಮೆಯಿದ್ದರೆ: ತಿಂಗಳ ಡೇಟಾ ಮಿತಿ ಮುಗಿದಿರಬಹುದು ಅಥವಾ ಸಂಜೆಯ ದಟ್ಟಣೆ ಇರಬಹುದು.

ಜೋರು ಮಳೆಯಲ್ಲಿ ಸಂಕೇತ ಕ್ಷೀಣಿಸುವುದು ಸಹಜ. ಕೆಯು ಪಟ್ಟಿಗಿಂತ ಕೆಎ ಪಟ್ಟಿಯಲ್ಲಿ ಇದು ಹೆಚ್ಚು. ಮಳೆ ತಗ್ಗಿದೊಡನೆ ಸಂಪರ್ಕ ತಾನಾಗಿ ಮರಳುವುದರಿಂದ ಆ ವೇಳೆಯಲ್ಲಿ ಡಿಶ್‌ ತಿರುಗಿಸಬಾರದು. ವರ್ಷಕ್ಕೆರಡು ಬಾರಿ ಸೂರ್ಯನು ಉಪಗ್ರಹದ ಹಿಂದೆ ಹಾಯ್ದಾಗಲೂ ಕೆಲವು ದಿನ, ದಿನಕ್ಕೆ ಕೆಲವು ನಿಮಿಷ ಸಂಪರ್ಕ ಕಡಿದುಹೋಗುತ್ತದೆ. ಜಿಸ್ಯಾಟ್-11ರ ವಿಷಯದಲ್ಲಿ ಮರಿಯಮ್ಮನಹಳ್ಳಿ ಸುತ್ತಮುತ್ತ ಇದು ಮಾರ್ಚ್ ಮಧ್ಯಭಾಗದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಆಸುಪಾಸಿನಲ್ಲಿ, ಮಧ್ಯಾಹ್ನ 12ರಿಂದ 1 ಗಂಟೆಯ ನಡುವೆ ಸಂಭವಿಸುತ್ತದೆ.

## ಸುರಕ್ಷತೆ

ಕೇಬಲ್ ಬಿಚ್ಚುವ ಮೊದಲು ಮೋಡೆಮ್‌ನ ವಿದ್ಯುತ್ ಸಂಪರ್ಕ ತೆಗೆಯಬೇಕು. ಪ್ರೇಷಣ ನಡೆಯುವಾಗ ಡಿಶ್‌ಗೂ ಅದರ ಮುಂದಿನ ಕೊಂಬಿಗೂ ನಡುವೆ ತಲೆ ಅಥವಾ ಕೈ ಒಡ್ಡಬಾರದು. ಗುಡುಗು ಸಿಡಿಲಿನ ವೇಳೆ ತಾರಸಿ ಹತ್ತಬಾರದು.

## ಕಾನೂನು

ಭಾರತದಲ್ಲಿ ಪರವಾನಗಿ ಪಡೆದ ಸೇವಾದಾರರು ಮಾತ್ರ ಉಪಗ್ರಹ ಅಂತರಜಾಲ ಸೇವೆ ನೀಡಬಹುದು. 2021ರ ನವೆಂಬರ್‌ನಲ್ಲಿ, ಪರವಾನಗಿ ಇಲ್ಲದಿದ್ದ ಸ್ಟಾರ್‌ಲಿಂಕ್ ಸೇವೆಗೆ ನೋಂದಾಯಿಸದಂತೆ ದೂರಸಂಪರ್ಕ ಇಲಾಖೆ ಸಾರ್ವಜನಿಕರಿಗೆ ಸೂಚಿಸಿತ್ತು. ಆ ಸಂಸ್ಥೆಗೆ 2025ರ ಜೂನ್‌ನಲ್ಲಿ ಪರವಾನಗಿ ದೊರೆಯಿತು. ವಿದೇಶದಲ್ಲಿ ಕೊಂಡ ಉಪಕರಣವನ್ನು ತಂದು ಅನುಮತಿಯಿಲ್ಲದೆ ಬಳಸುವುದು ಕಾನೂನುಬಾಹಿರ.