ಟ್ರಾಲಿ ದಾಟುವ ಹೊತ್ತು

ನಮ್ಮ ಕಡೆ ಯಾರಾದರೂ ಕಾರು ತಂದರೆ ಊರಿನವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಕೊಟ್ಟಿರಿ? ಎವರೇಜ್ ಎಷ್ಟು ಬರ್ತದ? ಎದುರಿಗಿರುವ ಗಾಡಿಯನ್ನು ದಾಟಲು ಇದಕ್ಕೆ ಎಷ್ಟು ಹೊತ್ತು ಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳಿದ್ದು ನಾನು ನೋಡಿಲ್ಲ. ಸೊನ್ನದಲ್ಲಿ ಇದ್ದು, ದಿನಾ 28 ಕಿಲೋಮೀಟರು ಹೋಗಿ 28 ಕಿಲೋಮೀಟರು ಬರುವ ನನ್ನಂಥವಳಿಗೆ ಮುಖ್ಯವಾದದ್ದು ಆ ಮೂರನೆಯದೇ.

ಭೀಮಾ ದಂಡೆಯ ಊರು ನಮ್ಮದು. ಸೊನ್ನದ ಬ್ಯಾರೇಜಿನ ಹೆಸರು ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ, ಉಳಿದ ಕಾಲದಲ್ಲಿ ನಮ್ಮನ್ನು ಯಾರೂ ನೆನೆಯುವುದಿಲ್ಲ. ನೀರು ಬಂದ ಮೇಲೆ ಜೋಳ, ತೊಗರಿಯ ಹೊಲಗಳ ನಡುವೆ ಕಬ್ಬು ಹೆಚ್ಚಿತು. ಕಬ್ಬಿನ ಜೊತೆಗೆ ಕಬ್ಬಿನ ಟ್ರ್ಯಾಕ್ಟರುಗಳು ಬಂದವು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಅಫಜಲಪುರದ ಕಡೆಯ ರಸ್ತೆಗಳಲ್ಲಿ ಒಂದು ಎಂಜಿನಿಗೆ ಎರಡು ಟ್ರಾಲಿ ಕಟ್ಟಿಕೊಂಡು, ಮೇಲೆ ಮನೆಯೆತ್ತರ ಕಬ್ಬು ಹೇರಿಕೊಂಡು, ಎತ್ತಿನ ಬಂಡಿಗಿಂತ ಸ್ವಲ್ಪ ಜೋರಾಗಿ ಅವು ತೆವಳುತ್ತಿರುತ್ತವೆ. ಬಹಳಷ್ಟಕ್ಕೆ ಹಿಂದೆ ದೀಪವಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ ಮುಗಿಸಿ ಹೊರಡುವಾಗ ಕತ್ತಲಾಗಿರುತ್ತದೆ. ನಮ್ಮ ಶಾಲೆಯ ಗುಮಾಸ್ತರೊಬ್ಬರು ಅಂಥ ಒಂದು ಟ್ರಾಲಿಗೆ ಹಿಂದಿನಿಂದ ಬಡಿದು ಮೂರು ತಿಂಗಳು ಹಾಸಿಗೆ ಹಿಡಿದರು. ಈಗಲೂ ಕೋಲು ಊರಿಕೊಂಡೇ ಬರುತ್ತಾರೆ.

ಟ್ರಾಲಿಗಳ ಸಾಲನ್ನು ದಾಟುವಾಗ ಏನಾಗುತ್ತದೆ ಎಂಬುದನ್ನು ನಾನೊಮ್ಮೆ ಹತ್ತನೆಯ ತರಗತಿಯ ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ. ನಾನು ಕಲಿಸುವುದು ಇತಿಹಾಸ, ಆದರೆ ಗಣಿತದ ಶಿಕ್ಷಕರು ಅಂದು ರಜೆಯಲ್ಲಿದ್ದರು. ಎದುರಿನಿಂದ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಲಾರಿ ಬರುತ್ತಿದೆ. ನಾವು ಬಲಬದಿಗೆ ಬಂದು ಟ್ರ್ಯಾಕ್ಟರನ್ನು ದಾಟಿ ಮತ್ತೆ ಎಡಬದಿಗೆ ಸೇರಲು 9 ಸೆಕೆಂಡು ಹಿಡಿದರೆ ಆ ಲಾರಿ ಅಷ್ಟರಲ್ಲಿ 150 ಮೀಟರು ಹತ್ತಿರ ಬಂದಿರುತ್ತದೆ. 6 ಸೆಕೆಂಡಿನಲ್ಲಿ ದಾಟಿದರೆ 100 ಮೀಟರು. ನಡುವಿನ 50 ಮೀಟರೇ ನಾನು ದುಡ್ಡು ಕೊಟ್ಟು ಕೊಳ್ಳಬೇಕೆಂದಿದ್ದ ವಸ್ತು.

2024ರಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದು, ಪಿಕಪ್ ಚೆನ್ನಾಗಿರುವ ಸಣ್ಣ ಕಾರೇ ಬೇಕೆಂದು ಹಟ ಹಿಡಿದದ್ದು ಇದಕ್ಕೇ. ಮುಖ್ಯೋಪಾಧ್ಯಾಯರು ನಕ್ಕರು. "ಅಕ್ಕೋರೆ, ಈ ವಯಸ್ಸಿನಾಗ ನಿಮಗ್ಯಾಕ್ರಿ ಓಟದ ಗಾಡಿ? ಒಂದು ವ್ಯಾಗನ್ ಆರ್ ತಗೊಂಡು ಸುಮ್ಮ ಆರಾಮ ಹೋಗಿ ಬರ್ರಿ" ಎಂದರು. ವ್ಯಾಗನ್ ಆರ್ ಕೆಟ್ಟ ಕಾರೇನಲ್ಲ. ಆದರೆ ಓಟದ ಗಾಡಿ ಬೇರೆ, ಆರಾಮದ ಗಾಡಿ ಬೇರೆ ಎಂದು ನಮ್ಮ ತಲೆಯಲ್ಲಿ ಯಾವಾಗ ಗೆರೆ ಬಿತ್ತು ಎಂಬ ಯೋಚನೆ ನನಗೆ ಹತ್ತಿತು. ಇತಿಹಾಸದ ಮೇಷ್ಟ್ರಿಗೆ ಇದೊಂದು ರೋಗ, ಏನು ಕಂಡರೂ ಅದರ ಹಿಂದಕ್ಕೆ ಹೋಗಬೇಕು.

ಬೇರೆ ದೇಶಗಳಲ್ಲಿ ಈ ಗೆರೆ ಬಹಳ ಮೊದಲೇ ಅಳಿಸಿತ್ತು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಬರ ಬಂದಾಗ ಇಂಗ್ಲೆಂಡಿನವರು ಕಡಿಮೆ ಎಣ್ಣೆ ಕುಡಿಯುವ ಪುಟ್ಟ ಕಾರು ಬೇಕೆಂದರು. ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ 1959ರಲ್ಲಿ ಬಂತು. ಅದರ ಎಂಜಿನ್ 848 ಸಿ.ಸಿ. ಸಂತೆಗೆ ಹೋಗಿ ಬರುವವರಿಗಾಗಿ ಮಾಡಿದ ಈ ಕಾರಿನಲ್ಲಿ ಓಟದ ಕಾರು ಅಡಗಿದೆ ಎಂದು ಕಂಡುಕೊಂಡವರು ಜಾನ್ ಕೂಪರ್. 1961ರಲ್ಲಿ ಮಿನಿ ಕೂಪರ್ ಬಂತು. 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ 1976ರಲ್ಲಿ ಗಾಲ್ಫ್ ಜಿಟಿಐ ಮಾರಾಟಕ್ಕೆ ಬಿಟ್ಟಿತು. 5,000 ಕಾರು ಮಾಡಿದರೆ ಸಾಕೆಂದುಕೊಂಡಿದ್ದರು, ಆ ಮೊದಲ ಮಾದರಿಯೇ ನಾಲ್ಕು ಲಕ್ಷ ದಾಟಿ ಹೋಯಿತು. ವಾರವೆಲ್ಲ ಆಫೀಸಿಗೆ, ಮಕ್ಕಳ ಶಾಲೆಗೆ, ತರಕಾರಿಗೆ ಅದೇ ಕಾರು. ಬೇಕೆಂದಾಗ ಕಾಲು ಒತ್ತಿದರೆ ಹಾರುವುದೂ ಅದೇ ಕಾರು.

ನಮ್ಮಲ್ಲಿ ಆ ಕಾಲದಲ್ಲಿ ಆಯ್ಕೆ ಎಂಬ ಶಬ್ದಕ್ಕೇ ಅರ್ಥವಿರಲಿಲ್ಲ. ಕಲ್ಕತ್ತೆಯ ಕಡೆಯ ಅಂಬಾಸಿಡರ್, ಮುಂಬಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಸರ್ಕಾರದ ಲೈಸೆನ್ಸು ಇದ್ದಷ್ಟೇ ತಯಾರಿಕೆ, ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು. ಫಿಯೆಟ್ಟಿಗೆ 1974ರಿಂದ ಪದ್ಮಿನಿ ಎಂಬ ಹೆಸರು ಬಂತು, 1089 ಸಿ.ಸಿ. ಎಂಜಿನ್ ಅದೇ ಉಳಿಯಿತು. ಸಿಕ್ಕಿದ್ದೇ ದೊಡ್ಡದು ಎನ್ನುವ ಕಾಲದಲ್ಲಿ ಪಿಕಪ್ ಕೇಳುವವರು ಯಾರು? ಎವರೇಜನ್ನು ಮಾತ್ರ ಕೇಳುವ ಚಾಳಿ ಆ ಕೊರತೆಯ ಕಾಲದಲ್ಲೇ ನಮ್ಮ ನಾಲಿಗೆಗೆ ಅಂಟಿತು ಎಂದು ನನ್ನ ಊಹೆ.

ಆದರೆ ನಮ್ಮದೇ ರಾಜ್ಯದಲ್ಲಿ ಒಂದು ಪ್ರಯತ್ನ ನಡೆದಿತ್ತು. ಅದನ್ನು ಕನ್ನಡಿಗರೇ ಮರೆತಿದ್ದಾರೆ. ಬೆಂಗಳೂರಿನ ಸಿಪಾನಿ ಕಂಪನಿ ಮೊದಲು ಬಾದಲ್ ಎಂಬ ಮೂರು ಗಾಲಿಯ ವಿಚಿತ್ರ ಗಾಡಿ ಮಾಡಿತು, ಆಮೇಲೆ 1982ರಲ್ಲಿ ಡಾಲ್ಫಿನ್ ಎಂಬ ಕಾರು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನ ಅಚ್ಚು ಅದು. ಎಂಜಿನ್ 848 ಸಿ.ಸಿ., ಮಿನಿಯದೇ ಅಂಕಿ. ಎಂಜಿನ್ ಮಾತ್ರ ಬೇರೆ, ಪೂರ್ತಿ ಅಲ್ಯುಮಿನಿಯಮ್ಮಿನದು. ಮೈ ಫೈಬರ್ ಗ್ಲಾಸಿನದು. ತೂಕ ಅರ್ಧ ಟನ್ನಿಗೆ ಸ್ವಲ್ಪ ಮೇಲೆ. ಇಷ್ಟು ಹಗುರ ಕಾರಿಗೆ ಆ ಎಂಜಿನ್ ಸಾಕುಬೇಕಾಗಿತ್ತು. ಅಂಬಾಸಿಡರ್ ಎರಡನೆಯ ಗೇರಿನಲ್ಲಿ ನರಳುವಷ್ಟರಲ್ಲಿ ಡಾಲ್ಫಿನ್ ಮುಂದೆ ಹೋಗಿರುತ್ತಿತ್ತು. ರ‍್ಯಾಲಿ ಓಡಿಸುವ ದಕ್ಷಿಣದ ಹುಡುಗರಿಗೆ ಅದು ಪ್ರೀತಿಯ ಕಾರಾಯಿತು.

ನಾನು ಪಿಯುಸಿ ಓದಲು ಗುಲ್ಬರ್ಗಕ್ಕೆ ಹೋದಾಗ ಸೂಪರ್ ಮಾರ್ಕೆಟ್ ಹತ್ತಿರ ವಕೀಲರೊಬ್ಬರ ಹಳದಿ ಡಾಲ್ಫಿನ್ ನಿಂತಿರುತ್ತಿತ್ತು. ಹುಡುಗಿಯರು ನಾವು ಅದರ ಬಾಗಿಲಿಗೆ ಬೆರಳಿನಿಂದ ಟಕಟಕ ಬಡಿದು, ತಗಡಿನ ಸಪ್ಪಳ ಬರುವುದಿಲ್ಲವೆಂದು ನಗುತ್ತಿದ್ದೆವು. ಡಬ್ಬಿ ಕಾರು ಎಂದು ಹೆಸರಿಟ್ಟಿದ್ದೆವು. ಇಂದು ಯೋಚಿಸಿದರೆ ಅದು ಸೋತದ್ದು ಆ ಟಕಟಕದಲ್ಲೇ ಅನಿಸುತ್ತದೆ. ಕಬ್ಬಿಣ ಇದ್ದರೆ ಗಟ್ಟಿ ಎನ್ನುವ ಊರು ನಮ್ಮದು. ತಗಡು ನೆಗ್ಗಿದರೆ ಗಲ್ಲಿಯ ಟಿಂಕರ್ ಸುತ್ತಿಗೆಯಿಂದ ಬಡಿದು ಸರಿಮಾಡುತ್ತಾನೆ, ಫೈಬರ್ ಒಡೆದರೆ ಯಾರ ಹತ್ತಿರ ಹೋಗುವುದು? ಇದ್ದದ್ದು ಎರಡೇ ಬಾಗಿಲು. ಮುಂದಿನ ಸೀಟು ಮಡಚಿ, ಇಳಕಲ್ ಸೀರೆಯುಟ್ಟ ಅತ್ತೆಯನ್ನು ಹಿಂದಕ್ಕೆ ಹತ್ತಿಸುವುದನ್ನು ಊಹಿಸಿಕೊಳ್ಳಿ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರು. 796 ಸಿ.ಸಿ., ಮೂರು ಸಿಲಿಂಡರ್, ಸುಜುಕಿಯವರ ಎಂಜಿನ್. ಅಂಕಿಗಳಲ್ಲಿ ನೋಡಿದರೆ ಡಾಲ್ಫಿನ್ನಿಗೂ ಇದಕ್ಕೂ ದೊಡ್ಡ ಅಂತರವಿಲ್ಲ. ಆದರೆ ಕಬ್ಬಿಣದ ಮೈ, ನಾಲ್ಕು ಬಾಗಿಲು, ಬೆನ್ನಿಗೆ ಸರ್ಕಾರ. ಸಿಪಾನಿಯವರು ಆಮೇಲೆ ನಾಲ್ಕು ಬಾಗಿಲಿನ ಮೊಂಟಾನ ತಂದರೂ ಹೊತ್ತು ಮೀರಿತ್ತು. ವಿಚಿತ್ರವೆಂದರೆ ಜನ ಮಾರುತಿಯನ್ನು ಮೈಲೇಜಿಗಾಗಿ ಕೊಂಡರು, ಓಡಿಸುವವರು ಮಾತ್ರ ಅದರ ಪಿಕಪ್ಪಿಗೆ ಮರುಳಾದರು.

ನಮ್ಮ ಮನೆಗೆ ಬಂದದ್ದು ಝೆನ್. ಅದು 1993ರಲ್ಲಿ ಬಿಡುಗಡೆಯಾದ ಮಾದರಿ, ನಾವು ಕೊಂಡದ್ದು 2004ರಲ್ಲಿ, ಎರಡನೆಯ ಕೈಯದು. 993 ಸಿ.ಸಿ., 50 ಅಶ್ವಶಕ್ತಿ. ನಾನು ಸ್ಟೇರಿಂಗು ಹಿಡಿಯಲು ಕಲಿತದ್ದು ಅದರಲ್ಲಿಯೇ. ಒಬ್ಬಳೇ ಇದ್ದರೆ ಝೆನ್ ಹಕ್ಕಿಯ ಹಾಗೆ ಹೋಗುತ್ತಿತ್ತು. ಮೂವರು ಟೀಚರುಗಳು, ಅವರ ಡಬ್ಬಿ, ಉತ್ತರಪತ್ರಿಕೆಗಳ ಕಟ್ಟು ಏರಿದರೆ ಟ್ರಾಲಿ ದಾಟುವಾಗ ನಾನು "ಎ.ಸಿ. ಆರಿಸ್ರಿ" ಎಂದು ಕೂಗಬೇಕು, ಪಕ್ಕದಲ್ಲಿದ್ದವರು ಗುಂಡಿ ಒತ್ತಬೇಕು, ಆಗ ಎಂಜಿನಿಗೆ ಒಂದಿಷ್ಟು ಉಸಿರು ಬಂದು ಗಾಡಿ ಮುಂದಕ್ಕೆ ಹೋಗಬೇಕು. ಹಳೆಯ ಸಣ್ಣ ಕಾರು ಓಡಿಸಿದ ಯಾರನ್ನಾದರೂ ಕೇಳಿ, ಈ ಮಂತ್ರ ಅವರಿಗೂ ಗೊತ್ತಿರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಅಂಗಳದಲ್ಲಿದ್ದ ಝೆನ್ ಬಾಗಿಲ ಹಿಡಿಕೆಯವರೆಗೆ ನೀರಿನಲ್ಲಿ ನಿಂತಿತು. ಮತ್ತೆ ಎದ್ದು ಬರಲಿಲ್ಲ. ಅಲ್ಲಿಂದ ನಾಲ್ಕು ವರ್ಷ ಕೆಂಪು ಬಸ್ಸು.

ಝೆನ್ ನಂತರದ ಕಥೆಯಲ್ಲಿ ಒಂದು ತಿರುವಿದೆ. 2001ರಲ್ಲಿ ಫಿಯೆಟ್ ಕಂಪನಿ ಪಾಲಿಯೋ ಎಂಬ ಸಣ್ಣ ಕಾರಿಗೆ 1.6 ಲೀಟರಿನ, 100 ಅಶ್ವಶಕ್ತಿಯ ಎಂಜಿನ್ ಹಾಕಿ ಮಾರಿತು. 2005ರ ಸ್ವಿಫ್ಟ್‌ಗೆ 1.3 ಲೀಟರಿನ ಎಂಜಿನ್ ಇತ್ತು. ಹೀಗೆಯೇ ಬೆಳೆಯಬಹುದಿತ್ತು. ಆದರೆ 2006ರ ಬಜೆಟ್ಟಿನಲ್ಲಿ ಸರ್ಕಾರ ಸಣ್ಣ ಕಾರಿಗೆ ಅಳತೆ ಕಟ್ಟಿತು: ಉದ್ದ 4 ಮೀಟರು ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿ.ಸಿ. ಮೀರಬಾರದು. ಈ ಗೆರೆಯೊಳಗಿದ್ದರೆ ಅಬಕಾರಿ ಸುಂಕ ಶೇಕಡಾ 24ರಿಂದ 16ಕ್ಕೆ ಇಳಿಯಿತು. ಅಷ್ಟಾದ ಮೇಲೆ ದೊಡ್ಡ ಎಂಜಿನ್ ಹಾಕುವವರು ಯಾರು? 2010ರಲ್ಲಿ ಸ್ವಿಫ್ಟ್ ಕೂಡ 1.2ಕ್ಕೆ ಇಳಿಯಿತು. ಲೈಸೆನ್ಸಿನ ಕಾಲ ಹೋದರೂ ನಮ್ಮ ಕಾರಿನ ಎಂಜಿನ್ ಎಷ್ಟಿರಬೇಕೆಂದು ತೀರ್ಮಾನಿಸುವವರು ದಿಲ್ಲಿಯಲ್ಲೇ ಉಳಿದರು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ. ಗೆರೆ ಮಾತ್ರ ಅಲ್ಲೇ ಇದೆ.

ಗೆರೆ ದಾಟದೆ ಶಕ್ತಿ ಹೆಚ್ಚಿಸುವ ಉಪಾಯವೆಂದರೆ ಟರ್ಬೊ. ಹೊಗೆಯ ಕೊಳವೆಯಲ್ಲಿ ಹೊರಗೆ ಹೋಗುವ ಬಿಸಿ ಗಾಳಿ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ, ಆ ಚಕ್ರ ಎಂಜಿನಿನೊಳಗೆ ಹೆಚ್ಚು ಗಾಳಿ ತುರುಕುತ್ತದೆ, ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಉರಿಯುತ್ತದೆ. 2013ರಲ್ಲಿ ಪೋಲೋ ಜಿಟಿ, 2017ರಲ್ಲಿ ಬಲೆನೊ ಆರ್‌ಎಸ್, 2018ರಲ್ಲಿ ಕೊಯಮತ್ತೂರಿನ ಜಯೆಂ ಕಂಪನಿಯ ಜೊತೆ ಸೇರಿ ಟಾಟಾದವರು ಮಾಡಿದ ಟಿಯಾಗೊ ಜೆಟಿಪಿ. ಒಂದೊಂದೇ ಬಂದವು, ಒಂದೊಂದೇ ನಿಂತವು. ಎಲ್ಲವನ್ನೂ ಹೊಗಳಿದರು, ಕೊಂಡವರು ಕಡಿಮೆ.

2024ರಲ್ಲಿ ನನ್ನ ಮುಂದೆ ಉಳಿದದ್ದು ಎರಡು. ಹ್ಯುಂಡೈ ಐ20 ಎನ್ ಲೈನ್, 998 ಸಿ.ಸಿ. ಮತ್ತು ಅದೇ ವರ್ಷ ಬಂದ ಟಾಟಾ ಆಲ್ಟ್ರೋಜ್ ರೇಸರ್, 1199 ಸಿ.ಸಿ. ಎರಡಕ್ಕೂ ಟರ್ಬೊ, ಎರಡಕ್ಕೂ 120 ಅಶ್ವಶಕ್ತಿ. ಎಳೆಯುವ ಬಲ ಒಂದರದು 172 ನ್ಯೂಟನ್ ಮೀಟರು, ಇನ್ನೊಂದರದು 170. ನಮ್ಮ ಝೆನ್ನಿನದು ಸುಮಾರು 70 ಇತ್ತು, ಅದೂ ಎಂಜಿನ್ ಕಿರುಚಿದ ಮೇಲೆ. ಇವುಗಳಲ್ಲಿ ಆ ಬಲ ಎಂಜಿನ್ ಇನ್ನೂ ನಿಧಾನವಾಗಿ ತಿರುಗುವಾಗಲೇ ಸಿಗುತ್ತದೆ. ಟ್ರಾಲಿಯ ಹಿಂದೆ 20ರ ವೇಗದಲ್ಲಿ ಹೋಗುತ್ತಿರುವವರಿಗೆ ಬೇಕಾದದ್ದು ಅದೇ. ಕರೆಂಟಿನ ಕಾರು ಇನ್ನೂ ಬೇಗ ಜಿಗಿಯುತ್ತದೆ ಎಂದು ಮಗ ಹೇಳಿದ. ನಮ್ಮೂರಿನ ಕರೆಂಟು ಯಾವಾಗ ಬಂದು ಯಾವಾಗ ಹೋಗುತ್ತದೆಂದು ಅವನಿಗೆ ಪುಣೆಯಲ್ಲಿ ಕೂತು ಮರೆತಿದೆ.

ಎರಡನ್ನೂ ಕಲಬುರಗಿಯಲ್ಲಿ ಓಡಿಸಿ ನೋಡಿದೆ. ಎನ್ ಲೈನಿಗೆ ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕು, ಕ್ಲಚ್ ಇಲ್ಲದ ಗೇರಿನದೂ ಸಿಗುತ್ತಿತ್ತು. ನನ್ನ ಎಡ ಮೊಣಕಾಲು ಅದಕ್ಕೇ ವೋಟು ಹಾಕಿತು. ರೇಸರಿಗೆ ಹಿಂದೆ ಡ್ರಮ್ ಬ್ರೇಕು, ಕೈಗೇರು ಒಂದೇ. ನಮ್ಮ ಎರೆ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಡಾಂಬರು ರಸ್ತೆಯೂ ಅಲೆಅಲೆಯಾಗಿರುತ್ತದೆ. ಅದಕ್ಕಾಗಿ ನೆಲ ಸರಿಯಿಲ್ಲದ ಕಡೆ ಹುಡುಕಿಕೊಂಡು ಹೋಗಿ ಓಡಿಸಿದೆ, ಅಲ್ಲಿ ರೇಸರ್ ಹೆಚ್ಚು ಗಟ್ಟಿಯಾಗಿ ಕೂತಂತೆ ಅನಿಸಿತು. ಜೊತೆಗಿದ್ದ ಸೇಲ್ಸಿನ ಹುಡುಗನಿಗೆ ಬೆವರು.

ಕೊನೆಗೆ ತೀರ್ಮಾನಿಸಿದ್ದು ಬೇರೊಂದು ವಿಷಯ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಭಾರತದ ಐದು ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಅಂಕ ಬಂದಿತ್ತು. ಏರ್ ಬ್ಯಾಗ್ ಹಾಕಿದ ಪೋಲೋ ಮಾತ್ರ ಮತ್ತೊಮ್ಮೆ ಪರೀಕ್ಷೆಗೆ ಕೂತು ನಾಲ್ಕು ನಕ್ಷತ್ರ ಪಡೆಯಿತು. ಆಲ್ಟ್ರೋಜ್‌ಗೆ 2020ರಲ್ಲಿ ಐದು ನಕ್ಷತ್ರ ಸಿಕ್ಕಿತ್ತು. ಐ20ಗೆ, ಎರಡೇ ಏರ್ ಬ್ಯಾಗ್ ಇದ್ದದ್ದಕ್ಕೆ, 2022ರಲ್ಲಿ ಮೂರು. ನಾನು ನೋಡಿದ ಎರಡು ಕಾರುಗಳಲ್ಲೂ ಆರಾರು ಏರ್ ಬ್ಯಾಗ್ ಇದ್ದವು, ಹಾಗಾಗಿ ಆ ಅಂಕಗಳನ್ನು ಹಾಗೆಯೇ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ಬೇಗ ದಾಟುವುದು ಒಂದು ದಿನ ಕೈಕೊಡಬಹುದು, ಆ ದಿನಕ್ಕೆ ಗೋಡೆಗೆ ಗುದ್ದಿ ಐದು ತಂದ ಮೈ ಇರಲಿ ಅನಿಸಿತು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡರಾಯಿತು.

ರೇಸರ್ ಬಂತು. ಬಿಳಿ ಬಣ್ಣ, ಬಾನೆಟ್ ಕಪ್ಪು, ಅದರ ಮೇಲೆ ಉದ್ದಕ್ಕೆ ಎರಡು ಬಿಳಿ ಪಟ್ಟಿ. ಆ ಪಟ್ಟಿ ಇಲ್ಲದ್ದು ಸಿಗುತ್ತದೆಯೇ ಎಂದು ಕೇಳಿದ್ದೆ, ಸಿಗುವುದಿಲ್ಲ ಎಂದಿದ್ದರು. ಮೊದಲ ದಿನ ಶಾಲೆಯ ಮುಂದೆ ನಿಲ್ಲಿಸಿದಾಗ ಆರನೆಯ ತರಗತಿಯ ಹುಡುಗನೊಬ್ಬ ಸುತ್ತು ಹಾಕಿ ನೋಡಿ, "ಟೀಚರ್, ವಿಭೂತಿ ಎರಡೇ ಪಟ್ಟಿ ಅದರಿ, ಒಂದು ಅಳಿಸಿ ಹೋಗ್ಯಾದ" ಎಂದ. ಮುಖ್ಯೋಪಾಧ್ಯಾಯರು ಎವರೇಜ್ ಕೇಳಿದರು. ಆ ಹಂಗಾಮಿನಲ್ಲಿ ಲೆಕ್ಕ ಬರೆದಿಟ್ಟೆ, ಲೀಟರಿಗೆ 14 ಬಂತು. ಟ್ರಾಲಿ ದಾಟುವ ಹೊತ್ತನ್ನೂ ಪಕ್ಕದಲ್ಲಿ ಕೂತ ವಿಜ್ಞಾನದ ಟೀಚರು ತಮ್ಮ ಗಡಿಯಾರದಲ್ಲಿ ಎಣಿಸಿದರು. ನಾಲ್ಕು ಜನ ಕೂತು, ಎ.ಸಿ. ಹಾಕಿಕೊಂಡೇ, 6 ಸೆಕೆಂಡು.