ಕೊಂಡಿ

ಕೂಡಿಸುವುದಕ್ಕೂ ಕುಟುಕುವುದಕ್ಕೂ ಒಂದೇ ಹೆಸರಾಗಿರುವ ಪದ ಕನ್ನಡದಲ್ಲಿ ಒಂದುಂಟು. ಕೊರಳ ಸರದ ಎರಡು ತುದಿಗಳನ್ನು ಹಿಡಿದಿರುವುದೂ ಕೊಂಡಿ. ಚೇಳಿನ ಬಾಲದ ತುದಿಯಲ್ಲಿ ವಿಷವನ್ನು ಹೊತ್ತಿರುವುದೂ ಕೊಂಡಿ.

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಹೊರಟ ರೈಲಿನ 14 ಡಬ್ಬಿಗಳನ್ನು ಒಂದಾಗಿ ಹಿಡಿದದ್ದು ಕೊಂಡಿಯೇ. ಮರುವರ್ಷ ಆ ಹಳಿ ಕಲ್ಯಾಣವನ್ನು ಮುಟ್ಟಿತು. ಉದ್ಯೋಗವನ್ನರಸಿ ಈ ಹಳಿಯ ಇಕ್ಕೆಲಗಳಲ್ಲಿ ನೆಲಸಿದ ಕನ್ನಡಿಗರು ಡೊಂಬಿವಲಿಯಲ್ಲಿ ಕರ್ನಾಟಕ ಸಂಘವನ್ನು ಕಟ್ಟಿ, ಶಾಲೆಯನ್ನು ನಡೆಸಿ, ಊರಿನೊಡನೆ ತಮಗಿದ್ದ ಸಂಬಂಧದ ಕೊಂಡಿ ಕಳಚದಂತೆ ನೋಡಿಕೊಂಡರು. ಅಂತರ್ಜಾಲ ಬಂದ ಮೇಲೆ ಲಿಂಕ್ ಎಂಬುದನ್ನು ಕೊಂಡಿಯೆಂದು ಕರೆದವರ ಮನಸ್ಸಿನಲ್ಲಿ ಇದ್ದದ್ದು ನಿಸ್ಸಂದೇಹವಾಗಿ ಸರದ ಕೊಂಡಿ. ಚೇಳಿನದು ತಾನಾಗಿಯೇ ಹಿಂಬಾಲಿಸಿತು.

ಅದು ಹೇಗೆ ಕುಟುಕುತ್ತದೆಂಬುದನ್ನು ಈ ಪ್ರಾಂತದ ಎಷ್ಟೋ ಮನೆಗಳು ಬಲ್ಲವು. ‘ಕಳೆದ ತಿಂಗಳ ಬಿಲ್ಲು ನಮೂದಾಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಡಿಯಲಾಗುವುದು’ ಎಂಬ ಸಂದೇಶ ಬರುತ್ತದೆ. ಅದರಲ್ಲಿರುವ ನಂಬರಿಗೆ ಫೋನ್ ಮಾಡಿದರೆ ಸೌಜನ್ಯದ ದನಿಯೊಂದು ಕೊಂಡಿಯನ್ನು ಕಳಿಸಿ, ಆ್ಯಪ್ ಒಂದನ್ನು ಹಾಕಿಕೊಳ್ಳಿರೆಂದು ಹೇಳಿ, ಹತ್ತು ರೂಪಾಯಿ ಮಾತ್ರ ಕಟ್ಟಿರೆನ್ನುತ್ತದೆ. ಆ ಆ್ಯಪ್ ನಮ್ಮ ಪರದೆಯನ್ನೇ ಆ ವಂಚಕನ ಕಣ್ಣಮುಂದೆ ತೆರೆದಿಡುವುದರಿಂದ, ಹತ್ತು ರೂಪಾಯಿಗೆಂದು ನಾವು ಒತ್ತಿದ ಪಾಸ್‌ವರ್ಡೂ ಬಂದ ಒಟಿಪಿಯೂ ಅವನಿಗೆ ಗೋಚರವಾಗುತ್ತವೆ.

ಸಾಮಾನ್ಯ ಗೃಹಸ್ಥರಿಗೆ ಮಾತ್ರ ಒದಗಿದ ವಿಪತ್ತು ಇದಲ್ಲ. 2017ರ ಜೂನಿನಲ್ಲಿ ಉಕ್ರೇನಿನ ಲೆಕ್ಕಪತ್ರದ ಸಾಫ್ಟ್‌ವೇರ್ ಒಂದರ ಅಪ್‌ಡೇಟಿನೊಳಗೆ ಹೊಕ್ಕ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶವು ಮೇರ್ಸ್ಕ್ ಎಂಬ ಹಡಗಿನ ಕಂಪನಿಯ ಗಣಕಗಳನ್ನು ಹಿಡಿದು, ಅದೇ ಸಮೂಹ ನಡೆಸುತ್ತಿದ್ದ, ನವಿ ಮುಂಬಯಿಗೆ ಹೊಂದಿಕೊಂಡ ನ್ಹಾವಾ ಶೇವಾ ಬಂದರಿನ ಟರ್ಮಿನಲ್ಲಿನ ಕೆಲಸವನ್ನು ಅಸ್ತವ್ಯಸ್ತಗೊಳಿಸಿತು. ಉಕ್ರೇನಿನ ಆ ಲೆಕ್ಕದ ಸಾಫ್ಟ್‌ವೇರಿಗೂ ಇಲ್ಲಿಯ ಕಂಟೇನರುಗಳಿಗೂ ನಡುವೆ ಇದ್ದವು ನಂಬಿಕೆಯ ಕೊಂಡಿಗಳೇ. ವಿಷ ಹರಿದದ್ದು ಅವುಗಳ ಮೂಲಕವೇ.

ಹಾಗೆಂದು ಕೊಂಡಿಗಳನ್ನೆಲ್ಲ ಕಡಿದುಕೊಂಡು ಬದುಕಲಾದೀತೆ? ಆಗದು; ಪರೀಕ್ಷಿಸಿ ಹಿಡಿಯುವುದನ್ನು ಕಲಿಯಬೇಕು. ಲಿಂಕಿನ ವಿಳಾಸದಲ್ಲಿ ಬ್ಯಾಂಕಿನ ಹೆಸರು ಮೊದಲಲ್ಲಿ ಎದ್ದು ಕಾಣುತ್ತಿದ್ದರೂ, ‘ಎಚ್‌ಟಿಟಿಪಿಎಸ್’ ಭಾಗವನ್ನು ಕಳೆದ ಮೇಲೆ ಬರುವ ಮೊದಲ ಓರೆಗೆರೆಯ ಎಡಕ್ಕೆ ತಗುಲಿಕೊಂಡಿರುವ ಹೆಸರೇ ನಿಜವಾದ ಒಡೆಯನದು. ಕಟ್ಟಡದ ಹೆಸರು ‘ಮೈಸೂರು’ ಎಂದಿದ್ದ ಮಾತ್ರಕ್ಕೆ, ಕೊನೆಯಲ್ಲಿ ಡೊಂಬಿವಲಿಯೆಂದು ಬರೆದ ಕಾಗದ ಮೈಸೂರಿಗೆ ಹೋಗದಷ್ಟೆ. ಅದಕ್ಕಿಂತಲೂ ಸುಲಭವಾದ ಲಕ್ಷಣ ಆತುರ. ಈಗಲೇ ಒತ್ತಿ, ಯಾರಿಗೂ ಹೇಳಬೇಡಿ ಎಂದು ಅವಸರಪಡಿಸುವ ಕೊಂಡಿ ಕೂಡಿಸುವ ಜಾತಿಯದಲ್ಲ.

ಇಷ್ಟಾಗಿಯೂ ಕುಟುಕಿಸಿಕೊಂಡವರು ನಾಚಿ ಮೌನವಾಗಿ ಕೂರುವುದು ವಂಚಕನಿಗೆ ಪರಮೋಪಕಾರ. ಹಣವು ಖಾತೆಯಿಂದ ಖಾತೆಗೆ ಜಾರಿಹೋಗುವ ಮುನ್ನವೇ ತಡೆಯುವ ಸಾಧ್ಯತೆ ಇರುವುದರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಫೋನ್ ಮಾಡಬೇಕು. ಮನೆಯವರಿಗೂ ನೆರೆಯವರಿಗೂ ನಡೆದುದನ್ನು ನಡೆದಂತೆ ಹೇಳಬೇಕು. ಕೇಳಿದವರು ಮೋಸಹೋದವರನ್ನು ಮೂದಲಿಸದೆ ಅವರ ಪಕ್ಕದಲ್ಲಿ ನಿಲ್ಲುವುದು, ಪರವೂರಿನಲ್ಲಿ ಒಬ್ಬರಿಗೊಬ್ಬರು ಕೊಂಡಿಯಾಗಿ ಬಾಳಿದ ಸಮಾಜಕ್ಕೆ ಕರ್ತವ್ಯವೂ ಹೌದು, ರಕ್ಷಣೆಯೂ ಹೌದು.