ವಾರ್ಷಿಕ ಶುಲ್ಕ ಇಲ್ಲದ ಕ್ರೆಡಿಟ್ ಕಾರ್ಡ್: ಯಾರಿಗೆ ಲಾಭ?

ವಾರ್ಷಿಕ ಶುಲ್ಕ ಇಲ್ಲ ಅಂದ ಮಾತ್ರಕ್ಕೆ ಕಾರ್ಡ್ ಪುಕ್ಕಟೆ ಅಲ್ಲ. ಉದಾಹರಣೆಗೆ ಅಮೆಜಾನ್ ಪೇ ಐಸಿಐಸಿಐ ಕಾರ್ಡ್. ಅಮೆಜಾನ್ ಖರೀದಿಗೆ ಪ್ರೈಮ್ ಸದಸ್ಯರಿಗೆ ಶೇ 5, ಉಳಿದವರಿಗೆ ಶೇ 3, ಹೊರಗಿನ ಹೆಚ್ಚಿನ ಖರೀದಿಗೆ ಶೇ 1 ವಾಪಸ್ ಬರುತ್ತದೆ. ಪೆಟ್ರೋಲ್, ಚಿನ್ನ, ಇಎಂಐ ಖರೀದಿಗೆ ಇಲ್ಲ.

ಪ್ರೈಮ್ ಇಲ್ಲದವರು ಅಮೆಜಾನ್‌ನಲ್ಲಿ ತಿಂಗಳಿಗೆ 2,000 ರೂ. ಸಾಮಾನು ತರಿಸಿದರೆ ವರ್ಷಕ್ಕೆ ಸಿಗೋದು 720 ರೂ. ಆದರೆ 20,000 ರೂ. ಬಿಲ್ ಒಂದೇ ತಿಂಗಳು ಬಾಕಿ ಉಳಿದರೂ, ತಿಂಗಳಿಗೆ ಶೇ 3.5 ಬಡ್ಡಿ ಅಂತ ಲೆಕ್ಕ ಹಾಕಿದರೆ 700 ರೂ., ಅದರ ಮೇಲೆ ಜಿಎಸ್‌ಟಿ 126 ರೂ., ಒಟ್ಟು 826 ರೂ. ವರ್ಷದ ಲಾಭ ಅಲ್ಲಿಗೇ ಹೋಯ್ತು. ಮಿನಿಮಮ್ ಡ್ಯೂ ಕಟ್ಟಿದರೆ ಲೇಟ್ ಫೀ ತಪ್ಪುತ್ತೆ, ಬಡ್ಡಿ ತಪ್ಪಲ್ಲ.

ಗಡುವಿನೊಳಗೆ ಪೂರ್ತಿ ಬಿಲ್ ಕಟ್ಟುವವರು ಧಾರಾಳವಾಗಿ ತಗೊಳ್ಳಬಹುದು. ಉದ್ರಿ ವಸೂಲಿ ಆದ ಮೇಲೆ ಕಟ್ಟೋಣ ಅನ್ನೋ ಅಂಗಡಿಯವರಿಗೆ ಇದು ಬೇಡ.